ತನ್ನದೆಂಬುದರ ಮೇರೆ

ಬೆಂಗಳೂರಿನ ಯಲಹಂಕದ ಬಳಿಯ ಅಟ್ಟೂರಿನ ಸುತ್ತಮುತ್ತ ಕಲ್ಯಾಣಮಂಟಪಗಳಿಗೆ ಕೊರತೆಯಿಲ್ಲ. ಲಗ್ನದ ತಿಂಗಳುಗಳಲ್ಲಿ, ಮುಹೂರ್ತವು ಸಮೀಪಿಸಿ ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೈಯೆತ್ತಿದೊಡನೆ ನಾಗಸ್ವರವೂ ಡೋಲೂ ಏಕಕಾಲಕ್ಕೆ ಮೊಳಗಿ, ಅಕ್ಷತೆ ಎರಚಲು ಮುನ್ನುಗ್ಗುವವರ ಗಲಭೆ, ಮಕ್ಕಳ ಅಳು, ಊಟದ ಮನೆಯ ಪಾತ್ರೆಗಳ ಸದ್ದು, ಕುರ್ಚಿಗಳನ್ನು ಎಳೆದಾಡುವ ಕರ್ಕಶಧ್ವನಿ ಇವೆಲ್ಲವೂ ಒಂದಾಗಿ, ಯಾರ ಮಾತೂ ಯಾರ ಕಿವಿಗೂ ಬೀಳಲಾರದೆಂಬಂತಹ ಮಹಾಘೋಷವೊಂದು ಏಳುವುದು. ಆದರೂ ಅದೇ ಕ್ಷಣದಲ್ಲಿ, ಹಿಂದಿನ ಸಾಲಿನಲ್ಲಿ ಕುಳಿತ ಯಾರೋ ಇಬ್ಬರು ತಮ್ಮ ಪಾಡಿಗೆ ತಾವು ಆಡಿಕೊಳ್ಳುತ್ತಿರುವ ಮಾತಿನ ನಡುವೆ ನಮ್ಮ ಹೆಸರು ಒಮ್ಮೆ ಹಾದುಹೋದರೆ ಸಾಕು, ನಮ್ಮ ಕತ್ತು ತಾನಾಗಿ ಅತ್ತ ಹೊರಳುತ್ತದೆ. ಅವರು ಹೇಳುತ್ತಿದ್ದುದು ಅದೇ ಹೆಸರಿನ ಬೇರೊಬ್ಬನನ್ನು ಕುರಿತು ಎಂದು ತಿಳಿಯುವುದು ಅನಂತರ.

ಕಿವಿಗೆ ಬಿದ್ದುದೆಲ್ಲವೂ ಮನಸ್ಸಿಗೆ ಮುಟ್ಟುವುದಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಮುಟ್ಟಿಸಬೇಕಾದುದು ಯಾವುದು, ಹೊರಗೇ ತಡೆಯಬೇಕಾದುದು ಯಾವುದು ಎಂದು ಮಿದುಳಿನಲ್ಲಿ ನಿರ್ಣಯವಾಗಬೇಕಾದರೆ, ಆ ನಿರ್ಣಯಕ್ಕೆ ಮುಂಚೆಯೇ ಪ್ರತಿಯೊಂದು ಶಬ್ದವನ್ನೂ ಅಲ್ಲಿ ಅಷ್ಟಿಷ್ಟಾದರೂ ತೂಗಿ ನೋಡಿರಬೇಕಷ್ಟೆ? ನಾವು ಗಮನಿಸಿಯೇ ಇಲ್ಲವೆಂದು ಭಾವಿಸಿದ ಆ ಗದ್ದಲವನ್ನು ನಮ್ಮೊಳಗಿನದಾವುದೋ ಒಂದು ಶಕ್ತಿ ಸತತವಾಗಿ ಶೋಧಿಸುತ್ತಿದ್ದು, ‘ಇದು ನಿನಗೆ ಸಂಬಂಧಿಸಿದುದು’ ಎಂದು ತೋರಿದುದನ್ನು ಮಾತ್ರ ಒಳಕ್ಕೆ ಬಿಡುತ್ತಿದೆ. ಮಿದುಳು ‘ತನ್ನದು’ ಎಂಬುದನ್ನು ಹೇಗೆ ಗುರುತಿಸುತ್ತದೆ, ಗುರುತಿಸಿದುದನ್ನು ಹೇಗೆ ಮನ್ನಿಸುತ್ತದೆ, ಆ ‘ತನ್ನದು’ ಎಂಬುದಕ್ಕೆ ಮೇರೆಯೆಲ್ಲಿ ಎಂಬ ವಿಚಾರ ನಮ್ಮ ದೇಶದಲ್ಲಿ ತತ್ತ್ವಜ್ಞರಿಗೆ ಮೀಸಲಾಗಿದ್ದ ಕಾಲವೊಂದಿತ್ತು. ಈಗ ಅದು ಪ್ರಯೋಗಶಾಲೆಯ ವಿಷಯವೂ ಹೌದು. ವೃದ್ಧರಿರುವ ಪ್ರತಿಯೊಂದು ಮನೆಯ ದೈನಂದಿನ ವಿಷಯವೂ ಹೌದು ಎಂಬುದು ನನ್ನ ದೃಢವಾದ ನಂಬಿಕೆ.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವದ ದಾರಿ, ಪ್ರಯೋಗದ ದಾರಿ ಎರಡೂ ಕೆಲಕಾಲ ಒಂದೇ ಸೂರಿನ ಕೆಳಗೆ ಇದ್ದುವು. ಎಂ. ಹಿರಿಯಣ್ಣನವರು ಅಲ್ಲಿ ಆತ್ಮವಿಚಾರವನ್ನು ಬೋಧಿಸುತ್ತಿದ್ದ ದಶಕದಲ್ಲಿಯೇ, ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು ಪ್ರಾಯೋಗಿಕ ಮನಶ್ಶಾಸ್ತ್ರಕ್ಕೆ ನೆಲೆ ಕಲ್ಪಿಸಿದರು. ಗೋಪಾಲಸ್ವಾಮಿಯವರನ್ನು ನಾಡು ಇಂದು ನೆನೆಯುವುದು ಬೇರೊಂದು ಕಾರಣಕ್ಕಾಗಿ. 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಾದ ವಿಠಲ ವಿಹಾರದಿಂದ ಅವರು ಆರಂಭಿಸಿದ ಬಾನುಲಿ ಪ್ರಸಾರವೇ ‘ಆಕಾಶವಾಣಿ’ ಎಂಬ ಹೆಸರಿಗೆ ಮೂಲವಾಯಿತು. ಒಂದು ಧ್ವನಿಯನ್ನು ಸಾವಿರ ಕಿವಿಗಳಿಗೆ ಮುಟ್ಟಿಸುವ ಉತ್ಸಾಹ ಮನಶ್ಶಾಸ್ತ್ರದ ಪ್ರಾಧ್ಯಾಪಕರೊಬ್ಬರಿಗೆ ಬಂದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಅದಾದ ಹದಿನೆಂಟು ವರ್ಷಗಳ ತರುವಾಯ, 1953ರಲ್ಲಿ, ಕಾಲಿನ್ ಚೆರ್ರಿ ಎಂಬ ಆಂಗ್ಲ ವಿಜ್ಞಾನಿ ಇದಕ್ಕೆ ವಿಪರ್ಯಯವಾದ ಪ್ರಯೋಗವೊಂದನ್ನು ಪ್ರಕಟಿಸಿದನು. ಎರಡು ಧ್ವನಿಗಳನ್ನು ಒಬ್ಬನ ಎರಡು ಕಿವಿಗಳಿಗೆ ಬೇರೆಬೇರೆಯಾಗಿ ಕೇಳಿಸಿ, ಒಂದನ್ನು ಮಾತ್ರ ಕೇಳಿದಂತೆಯೇ ಬಾಯಲ್ಲಿ ಹೇಳುತ್ತ ಹೋಗೆಂದು ವಿಧಿಸಿದರೆ, ಇನ್ನೊಂದು ಕಿವಿಯ ಮಾತು ಏನಾಗುವುದು? ಗಂಡುಧ್ವನಿ ಹೆಣ್ಣುಧ್ವನಿಯಾದರೆ ಕೇಳುಗನಿಗೆ ತಿಳಿಯುತ್ತಿತ್ತು. ಆದರೆ ಮಾತು ಇಂಗ್ಲಿಷಿನಿಂದ ಜರ್ಮನ್ ಭಾಷೆಗೆ ತಿರುಗಿದುದು ಕೂಡ ಅವನ ಗಮನಕ್ಕೆ ಬರುತ್ತಿರಲಿಲ್ಲ. ಇಷ್ಟು ಭದ್ರವಾಗಿ ಮುಚ್ಚಿದ್ದ ಆ ಬಾಗಿಲಿನ ಮೂಲಕವೂ ಒಂದು ಮಾತು ನುಸುಳಬಲ್ಲುದೆಂದು ನೆವಿಲ್ ಮೊರೆ 1959ರಲ್ಲಿ ತೋರಿಸಿಕೊಟ್ಟನು. ಅದು ಕೇಳುಗನ ಸ್ವಂತ ಹೆಸರು. ಮೂವರಲ್ಲಿ ಒಬ್ಬರಂತೆ ಜನ ತಮ್ಮ ಹೆಸರನ್ನು ಗುರುತಿಸಿದರು.

ಮಿಕ್ಕವರಿಗೆ ಏಕೆ ಕೇಳಿಸಲಿಲ್ಲವೆಂಬ ಪ್ರಶ್ನೆಗೆ ಉತ್ತರ ಬಂದುದು 2001ರಲ್ಲಿ. ಮನಸ್ಸಿನಲ್ಲಿ ಏಕಕಾಲಕ್ಕೆ ಹೆಚ್ಚು ಸಂಗತಿಗಳನ್ನು ಹಿಡಿದಿಟ್ಟುಕೊಳ್ಳಬಲ್ಲ ಶಕ್ತಿಯುಳ್ಳವರಲ್ಲಿ ನೂರಕ್ಕೆ 20 ಮಂದಿಗೂ, ಆ ಶಕ್ತಿ ಕಡಿಮೆಯಿದ್ದವರಲ್ಲಿ ನೂರಕ್ಕೆ 65 ಮಂದಿಗೂ ಹೆಸರು ಕೇಳಿಸಿತೆಂದು ಅಮೆರಿಕದ ಸಂಶೋಧಕರು ಕಂಡರು. ಏಕಾಗ್ರತೆಯೆಂದರೆ ತನ್ನ ಹೆಸರಿಗೂ ಕಿವುಡಾಗುವ ಸಾಮರ್ಥ್ಯವೆಂದು ಇದರಿಂದ ತಿಳಿಯಬೇಕು. ನಿದ್ರೆಯಲ್ಲಿಯಾದರೋ ಆ ಸಾಮರ್ಥ್ಯ ಯಾರಿಗೂ ಪೂರ್ಣವಾಗಿಲ್ಲ. ಮಲಗಿದವರಿಗೆ ಹೆಸರುಗಳ ಮಾಲಿಕೆಯೊಂದನ್ನು ಕೇಳಿಸಿ ಮಿದುಳಿನ ವಿದ್ಯುತ್ತರಂಗಗಳನ್ನು ಬರೆದುಕೊಂಡ ಆಸ್ವಾಲ್ಡ್ ಮತ್ತು ಸಂಗಡಿಗರು, ಇತರ ಹೆಸರುಗಳಿಗಿಂತ ಸ್ವಂತ ಹೆಸರಿಗೆ ಮಿದುಳು ಹೆಚ್ಚಾಗಿ ಓಗೊಡುವುದೆಂದು 1960ರಲ್ಲಿಯೇ ದಾಖಲೆ ಮಾಡಿದರು.

ಹೀಗೆ ಓಗೊಡುವುದು ಮಿದುಳಿನ ಯಾವ ಎಡೆಯಲ್ಲಿ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಿದುಳು ಸಂಗ್ರಹಾಲಯದಲ್ಲಿ ಸಾಮಾನ್ಯರಿಗೂ ಮಾನವ ಮಿದುಳೊಂದನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಒದಗಿಸಿದ್ದಾರೆ. ಸುಮಾರು 1.3 ಕಿಲೋಗ್ರಾಂ ತೂಕದ ಆ ವಸ್ತುವಿನ ಮೇಲ್ಮೈಯನ್ನು ಎಷ್ಟು ತಿರುಗಿಸಿ ನೋಡಿದರೂ ‘ನಾನು’ ಎಂಬುದಕ್ಕೆ ಮೀಸಲಾದ ಭಾಗ ಕಾಣಸಿಗದು. ಎರಡು ಅರ್ಧಗೋಳಗಳನ್ನೂ ಬಿಡಿಸಿ, ಅವು ಒಂದಕ್ಕೊಂದು ಮುಖಮಾಡಿ ಕುಳಿತಿರುವ ಒಳಭಿತ್ತಿಯನ್ನು ನೋಡಬೇಕು. ಹಣೆಯ ಹಿಂದೆ ಆ ಭಿತ್ತಿಯ ಮುಂಭಾಗವನ್ನು ಮೀಡಿಯಲ್ ಪ್ರೀಫ್ರಂಟಲ್ ಕಾರ್ಟೆಕ್ಸ್ ಎಂದೂ, ಹಿಂಭಾಗದಲ್ಲಿರುವ ನೆರೆಯ ಪ್ರದೇಶಗಳನ್ನು ಪೋಸ್ಟೀರಿಯರ್ ಸಿಂಗ್ಯುಲೇಟ್ ಮತ್ತು ಪ್ರೀಕ್ಯೂನಿಯಸ್ ಎಂದೂ ಕರೆಯುತ್ತಾರೆ. ಇವು ಪರಸ್ಪರ ಸಂಪರ್ಕ ಹೊಂದಿದ್ದು, ನಾವು ಕೈಕಟ್ಟಿ ಕುಳಿತಾಗಲೂ ಎಡೆಬಿಡದೆ ದುಡಿಯುತ್ತಿರುತ್ತವೆ. ದೇಹದ ತೂಕದಲ್ಲಿ ನೂರಕ್ಕೆ 2ರಷ್ಟಿರುವ ಮಿದುಳು ದೇಹದ ಶಕ್ತಿಯಲ್ಲಿ ಸುಮಾರು 20ರಷ್ಟನ್ನು ಬಳಸುವುದೆಂದೂ, ಕಠಿಣವಾದ ಲೆಕ್ಕವೊಂದನ್ನು ಬಿಡಿಸಹೊರಟಾಗ ಆ ವೆಚ್ಚ ಅಲ್ಪವಾಗಿ ಮಾತ್ರ ಏರುವುದೆಂದೂ, ಅಂತಹ ಹೊತ್ತಿನಲ್ಲಿ ಈ ಒಳಭಿತ್ತಿಯ ಪ್ರದೇಶಗಳ ಚಟುವಟಿಕೆ ತಗ್ಗುವುದೆಂದೂ ಮಾರ್ಕಸ್ ರೈಕ್ಲ್ ಮತ್ತು ಸಂಗಡಿಗರು ತೋರಿಸಿದರು. ಹೊರಗಿನ ಕೆಲಸವಿಲ್ಲದಾಗ ಮಿದುಳು ತೊಡಗುವ ಒಳಗಿನ ಕೆಲಸಗಳಲ್ಲಿ ದೊಡ್ಡ ಪಾಲು ತನ್ನ ನಿನ್ನೆಗಳನ್ನೂ ನಾಳೆಗಳನ್ನೂ ತನ್ನವರನ್ನೂ ಕುರಿತ ಚಿಂತನೆ. ಜಗಲಿಯ ಮೇಲೆ ಸುಮ್ಮನೆ ಕುಳಿತ ಮುದುಕನನ್ನು ‘ಏನೂ ಮಾಡದೆ ಕುಳಿತಿದ್ದಾನೆ’ ಎನ್ನುವುದು ಶರೀರಶಾಸ್ತ್ರದ ದೃಷ್ಟಿಯಿಂದಲೂ ಸರಿಯಲ್ಲ.

ಶರೀರದ ವಿಚಾರವನ್ನೂ ಇಲ್ಲಿ ಒಂದು ಮಾತಿನಲ್ಲಿ ಹೇಳಬೇಕು. ಈ ಕೈ ನನ್ನದೆಂಬ ಅರಿವು ಹುಟ್ಟಿನೊಡನೆ ಬಂದು ಸ್ಥಿರವಾಗಿ ನಿಂತುದೆಂದು ತೋರಿದರೂ, ಮರೆಮಾಡಿದ ನಿಜವಾದ ಕೈಯನ್ನೂ ಕಣ್ಣೆದುರಿನ ರಬ್ಬರಿನ ಕೈಯನ್ನೂ ಏಕಕಾಲಕ್ಕೆ ಕುಂಚದಿಂದ ಸವರುತ್ತ ಹೋದರೆ ಕೆಲವು ನಿಮಿಷಗಳಲ್ಲಿ ರಬ್ಬರಿನ ಕೈಯೇ ತನ್ನದೆನಿಸುವುದೆಂದು 1998ರ ಪ್ರಯೋಗವೊಂದು ತೋರಿಸಿತು. ಇದಕ್ಕೆ ವಿರುದ್ಧವಾಗಿ, ಮಿದುಳಿನ ಬಲಭಾಗಕ್ಕೆ ಆಘಾತವಾಗಿ ಎಡಗೈ ಸ್ವಾಧೀನ ತಪ್ಪಿದ ರೋಗಿಗಳಲ್ಲಿ ಕೆಲವರು ಆ ಕೈಗೆ ಏನೂ ಆಗಿಲ್ಲವೆಂದು ಸಾಧಿಸುವುದೂ, ಮತ್ತೆ ಕೆಲವರು ಅದು ತಮ್ಮದೇ ಅಲ್ಲವೆಂದು ತಳ್ಳಿಹಾಕುವುದೂ ಉಂಟು. ತನ್ನದೆಂಬ ಮೇರೆಯನ್ನು ಮಿದುಳು ಗಳಿಗೆ ಗಳಿಗೆಗೂ ಎಳೆಯುತ್ತಲೇ ಇರುತ್ತದೆಯೆಂದಾಯಿತು.

ಇನ್ನು ನೆನಪಿನ ಮಾತು. 1977ರಲ್ಲಿ ರೋಜರ್ಸ್, ಕೈಪರ್, ಕರ್ಕರ್ ಎಂಬ ಮೂವರು ಅತ್ಯಂತ ಸರಳವಾದ ಪರೀಕ್ಷೆಯೊಂದನ್ನು ನಡೆಸಿದರು. ಗುಣವಾಚಕಗಳ ಪಟ್ಟಿಯೊಂದನ್ನು ತೋರಿಸಿ, ಕೆಲವನ್ನು ಕುರಿತು ‘ಅಕ್ಷರ ದಪ್ಪವೆ, ಸಣ್ಣದೆ?’ ಎಂದೂ, ಕೆಲವನ್ನು ಕುರಿತು ‘ಇಂತಹ ಪದಕ್ಕೆ ಇದು ಪ್ರಾಸವೆ?’ ಎಂದೂ, ಕೆಲವನ್ನು ಕುರಿತು ‘ಇದರ ಅರ್ಥ ಇಂತಹುದೆ?’ ಎಂದೂ, ಮಿಕ್ಕವನ್ನು ಕುರಿತು ‘ಈ ಗುಣ ನಿನ್ನಲ್ಲಿದೆಯೆ?’ ಎಂದೂ ಕೇಳಿ, ಬಳಿಕ ಹೇಳದೆ ಕೇಳದೆ ಪದಗಳನ್ನು ನೆನಪು ಮಾಡಿಕೊಳ್ಳಲು ಹೇಳಿದರು. ಅರ್ಥವನ್ನು ಚಿಂತಿಸಿದ ಪದಗಳಿಗಿಂತಲೂ ತನಗೆ ಹಚ್ಚಿ ನೋಡಿದ ಪದಗಳೇ ಹೆಚ್ಚಾಗಿ ನೆನಪಿನಲ್ಲಿ ಉಳಿದಿದ್ದುವು. 2002ರಲ್ಲಿ ಕೆಲಿ ಮತ್ತು ಸಂಗಡಿಗರು ಇದೇ ಬಗೆಯ ಪ್ರಶ್ನೆಗಳನ್ನು ಮಿದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಮಲಗಿದ್ದವರಿಗೆ ಕೇಳಿದಾಗ, ತಮ್ಮನ್ನು ಕುರಿತು ಉತ್ತರಿಸುವಾಗ ಹಣೆಯ ಹಿಂದಿನ ಆ ಒಳಭಿತ್ತಿ ಚುರುಕಾಗಿದ್ದು, ಆಗಿನ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್‌ನನ್ನು ಕುರಿತು ಉತ್ತರಿಸುವಾಗ ಆ ಮಟ್ಟದಲ್ಲಿ ಇರಲಿಲ್ಲ.

ಆದರೆ ದೇಶದ ಅಧ್ಯಕ್ಷನು ಅನ್ಯನೆಂಬುದನ್ನು ಕಾಣಲು ಯಂತ್ರ ಬೇಕಾಗಿರಲಿಲ್ಲ. ಅನ್ಯರಲ್ಲಿ ಆಪ್ತರೆನಿಸಿದವರ ಗತಿಯೇನು ಎಂಬುದು ನಮ್ಮಂತಹವರು ಕೇಳುವ ಪ್ರಶ್ನೆ, ಮತ್ತು ಅದನ್ನು ಕೇಳಿದವರು ಚೀನೀಯರು. ಬೀಜಿಂಗಿನ ಶಿಹುಯಿ ಹಾನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಚೀನೀ ವಿದ್ಯಾರ್ಥಿಗಳಿಗೂ ಪಾಶ್ಚಾತ್ಯ ವಿದ್ಯಾರ್ಥಿಗಳಿಗೂ ತಮ್ಮನ್ನು ಕುರಿತು, ತಾಯಿಯನ್ನು ಕುರಿತು, ಪ್ರಸಿದ್ಧ ವ್ಯಕ್ತಿಯೊಬ್ಬರನ್ನು ಕುರಿತು ಗುಣನಿರ್ಣಯ ಮಾಡಲು ಹೇಳಿದರು. ಪಾಶ್ಚಾತ್ಯರಲ್ಲಿ ಆ ಒಳಭಿತ್ತಿ ತಮ್ಮ ವಿಚಾರಕ್ಕೆ ಮಾತ್ರ ಎಚ್ಚತ್ತಿತು; ಚೀನೀಯರಲ್ಲಿ ತಾಯಿಯ ವಿಚಾರಕ್ಕೂ ಎಚ್ಚತ್ತಿತು. ಒಂದೊಂದು ಗುಂಪಿನಲ್ಲಿ 13 ಮಂದಿಯಷ್ಟೇ ಇದ್ದುದರಿಂದ ಇದನ್ನು ಆಧಾರವಾಗಿಟ್ಟುಕೊಂಡು ಪೂರ್ವ ಪಶ್ಚಿಮಗಳ ಮೇಲೆ ದೊಡ್ಡ ಸಿದ್ಧಾಂತ ಕಟ್ಟುವುದು ವಿವೇಕವಲ್ಲ. ಆದರೂ ಇದರ ತಿರುಳು ನನಗೆ ಬಹು ಮುಖ್ಯವಾಗಿ ತೋರುತ್ತದೆ: ತನ್ನದೆಂಬುದರ ಮೇರೆ ತನ್ನ ಚರ್ಮಕ್ಕೇ ಮುಗಿಯಬೇಕೆಂಬ ನಿಯಮ ಮಿದುಳಿನಲ್ಲಿಲ್ಲ. ಯಾರೊಡನೆ ಬಾಳಿದೆವು, ಹೇಗೆ ಬಾಳಿದೆವು ಎಂಬುದರಿಂದ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ತಾಯಿ ಅದರೊಳಗೆ ಬರಬಹುದಾದರೆ ಊರೇಕೆ ಬರಬಾರದು? ಕನ್ನಡಿಗರಲ್ಲಿ ಊರಿನ ಮೊದಲಕ್ಷರ ಹೆಸರಿನ ಮುಂದೆ ಕೂತು, ಶಾಲೆಯ ಹಾಜರಿಪುಸ್ತಕದಿಂದ ಲಗ್ನಪತ್ರಿಕೆಯವರೆಗೆ ಸಂಗಾತಿಯಾಗಿ ನಡೆಯುವ ಪದ್ಧತಿಯನ್ನು ಬಲ್ಲವರಿಗೆ ಈ ಪ್ರಶ್ನೆ ವಿಚಿತ್ರವೆನಿಸದು.

ಊರೊಂದು ಒಬ್ಬನ ‘ತನ್ನದು’ ಆದ ಬಗೆಗೆ ನಮ್ಮ ನಾಡಿನಲ್ಲಿ ಒದಗಿದ ಅತ್ಯುತ್ತಮ ನಿದರ್ಶನ ಮನಶ್ಶಾಸ್ತ್ರಜ್ಞರಿಂದ ಬಂದುದಲ್ಲ, ಸಮಾಜಶಾಸ್ತ್ರಜ್ಞರೊಬ್ಬರ ದುರದೃಷ್ಟದಿಂದ ಬಂದುದು. 1916ರಲ್ಲಿ ಮೈಸೂರಿನಲ್ಲಿ ಜನಿಸಿದ ಎಂ. ಎನ್. ಶ್ರೀನಿವಾಸರು 1948ರಲ್ಲಿ, ಆಕ್ಸ್‌ಫರ್ಡಿನ ಅಧ್ಯಾಪಕವೃತ್ತಿಯ ಆರಂಭದಲ್ಲಿಯೇ, ಮೈಸೂರಿಗೆ ಸಮೀಪದ ಕೊಡಗಹಳ್ಳಿಯಲ್ಲಿ ನೆಲೆಸಿ, ಎತ್ತುಗಳನ್ನು ಕಟ್ಟುವ ಮನೆಯೊಂದನ್ನೇ ಬಿಡಾರ ಮಾಡಿಕೊಂಡು, ಗ್ರಾಮಜೀವನವನ್ನು ತಿಂಗಳುಗಟ್ಟಲೆ ಅಭ್ಯಸಿಸಿದರು. 1952ರ ಬೇಸಗೆಯಲ್ಲಿ ಮರಳಿ ಹೋಗಿ ಮತ್ತಷ್ಟು ಬರೆದುಕೊಂಡರು. ತಮ್ಮ ಬರಹದಲ್ಲಿ ಆ ಊರಿಗೆ ಅವರು ಕೊಟ್ಟ ಹೆಸರು ರಾಮಪುರ. ಅನಂತರ ಹದಿನೆಂಟು ವರ್ಷ ಆ ಟಿಪ್ಪಣಿಗಳನ್ನು ವಿಂಗಡಿಸಿ, ಪರಿಷ್ಕರಿಸಿ, ಮೂರು ಪ್ರತಿಗಳಾಗಿ ಸಿದ್ಧಪಡಿಸಿ, ಇನ್ನು ಗ್ರಂಥ ರಚಿಸುವುದೊಂದೇ ಉಳಿದಿದೆಯೆಂಬ ಹಂತದಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ, 1970ರ ಏಪ್ರಿಲ್ 24ರಂದು ದುಷ್ಕರ್ಮಿಗಳು ಅವರಿದ್ದ ಅಧ್ಯಯನ ಕೇಂದ್ರಕ್ಕೆ ಬೆಂಕಿಯಿಟ್ಟರು. ಅವರ ಕೊಠಡಿಯಲ್ಲಿದ್ದ ಮೂರು ಪ್ರತಿಗಳೂ ಬೆಂದುಹೋದುವು.

ಆ ಹೊತ್ತಿನಲ್ಲಿ ಸಾಲ್ ಟ್ಯಾಕ್ಸ್ ಎಂಬ ಮಾನವಶಾಸ್ತ್ರಜ್ಞನು ಒಂದು ಸಲಹೆ ಕೊಟ್ಟನು: ಟಿಪ್ಪಣಿಗಳ ಹಂಗಿಲ್ಲದೆ, ಕೇವಲ ನೆನಪಿನಿಂದಲೇ ಆ ಹಳ್ಳಿಯನ್ನು ಕುರಿತು ಬರೆಯಬಾರದೇಕೆ? ಶ್ರೀನಿವಾಸರು ಹಾಗೆಯೇ ಮಾಡಿದರು. ‘ದಿ ರಿಮೆಂಬರ್ಡ್ ವಿಲೇಜ್’ ಎಂಬ ಆ ಗ್ರಂಥ 1976ರಲ್ಲಿ ಹೊರಬಂದಿತು. ಆ ವೇಳೆಗೆ ಅವರು ಬೆಂಗಳೂರಿಗೆ ಬಂದು, ಇಲ್ಲಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿದ್ದರು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಊರು ಆ ಪುಟಗಳಲ್ಲಿ ಎದ್ದು ಬಂದುದು ಹೇಗೆಂಬುದನ್ನು ಗಮನಿಸಬೇಕು. ಊರಿನ ಗೌಡರೂ, ನಾಡುಗೌಡ, ಕುಳ್ಳೇಗೌಡ ಎಂಬ ಹೆಸರಿನಿಂದ ಅಲ್ಲಿ ಬರುವ ಇನ್ನಿಬ್ಬರೂ ಸೇರಿ ಮೂವರು ಮುಖ್ಯ ವ್ಯಕ್ತಿಗಳಿಗೆ ಒಂದು ಇಡೀ ಅಧ್ಯಾಯವೇ ಮೀಸಲಾಗಿದೆ. ಸ್ನಾನವಾದ ಮೇಲೆ ಮುಖಕ್ಷೌರ ಮಾಡಿಕೊಳ್ಳುವ ಈ ನಗರದ ಬ್ರಾಹ್ಮಣನನ್ನು ಕಂಡು ಊರಿನವರು ಆಕ್ಷೇಪಿಸಿದಂತಹ ಪ್ರಸಂಗಗಳು, ಅಂದರೆ ಅಭ್ಯಾಸ ಮಾಡಬಂದವನು ತಾನೇ ಅಭ್ಯಾಸದ ವಸ್ತುವಾಗಿ ಸಂಕೋಚಪಟ್ಟ ಗಳಿಗೆಗಳು, ಅಳಿಯದೆ ಉಳಿದಿವೆ. ಗ್ರಂಥದಲ್ಲಿ ಊರಿನ ಜೊತೆಗೆ ಗ್ರಂಥಕರ್ತನೂ ಹೆಜ್ಜೆಹೆಜ್ಜೆಗೂ ಕಾಣಿಸಿಕೊಳ್ಳುವುದು ಶಾಸ್ತ್ರೀಯತೆಗೆ ಕುಂದೆಂದು ಬಗೆಯುವವರು ಇರಬಹುದು. ನನಗಾದರೋ ಆ ಕೃತಿಯ ಪ್ರಾಮಾಣ್ಯವೇ ಅದರಲ್ಲಿ ಅಡಗಿದೆಯೆಂದು ತೋರುತ್ತದೆ. ಮನೆ, ಹೊಲ, ಜಾತಿ, ಸಾಲಗಳ ಲೆಕ್ಕವನ್ನು ಕಾಗದ ಹಿಡಿದಿಟ್ಟಿತ್ತು, ಕಾಗದ ಉರಿದುಹೋಯಿತು. ಯಾರು ತನ್ನನ್ನು ಗದರಿದರು, ಯಾರು ಆದರಿಸಿದರು, ಯಾರ ಎದುರಿನಲ್ಲಿ ತಾನು ತಲೆತಗ್ಗಿಸಿದೆ ಎಂಬುದನ್ನು ಹಿಡಿದಿಟ್ಟಿದ್ದುದು ಬೆಂಕಿಗೆ ನಿಲುಕದ ಎಡೆಯಲ್ಲಿತ್ತು. 1977ರ ಆ ಮೂವರು ಪದಗಳ ಪಟ್ಟಿಯಲ್ಲಿ ಅಳೆದು ತೋರಿಸಿದುದನ್ನೇ ಶ್ರೀನಿವಾಸರು ಒಂದು ವರ್ಷ ಮುಂಚೆ ಒಂದು ಊರಿನ ಪ್ರಮಾಣದಲ್ಲಿ ಬರೆದು ಮುಗಿಸಿದ್ದರು.

ಕೊಡಗಹಳ್ಳಿಯನ್ನು ಬರೆಯಲು ಶ್ರೀನಿವಾಸರಿದ್ದರು. ಅಟ್ಟೂರನ್ನು ಬರೆದವರಿಲ್ಲ. ಯಲಹಂಕ ಹೋಬಳಿಯ ಈ ಗ್ರಾಮದ ರಾಗಿಯ ಹೊಲಗಳು ಒಂದೊಂದಾಗಿ ನಿವೇಶನಗಳಾಗಿ, ಪಕ್ಕದಲ್ಲಿ ಗೃಹಮಂಡಳಿಯ ಉಪನಗರ ಎದ್ದು, 2007ರಲ್ಲಿ ಯಲಹಂಕದ ಪೌರಸಭೆಯೊಡನೆ ಎಲ್ಲವೂ ಮಹಾನಗರದೊಳಗೆ ಸೇರಿಹೋಗಿ, ಇಂದು ಅಟ್ಟೂರು ಬಡಾವಣೆಯೆಂದರೆ ಅಡ್ಡರಸ್ತೆಗಳ ಸಂಖ್ಯೆಯಿಂದ ಗುರುತಿಸುವ ಪ್ರದೇಶವಾಗಿದೆ. ಇಲ್ಲಿಯೇ ಹುಟ್ಟಿ ಬೆಳೆದ ಹಿರಿಯರಿಗೆ ದಾರಿ ಕೇಳಿದರೆ ಅವರು ಕೆರೆಯ ಏರಿಯಿಂದ, ಇಲ್ಲದ ಹುಣಿಸೆಯ ಮರದಿಂದ, ಯಾರದೋ ಕಣದಿಂದ ಆರಂಭಿಸುತ್ತಾರೆ. ಕೇಳಿದ ತರುಣರು ನಕ್ಕು ಮುಂದೆ ಹೋಗುತ್ತಾರೆ. ಹಾಗೆ ನಗುವುದನ್ನು ಕಂಡಾಗಲೆಲ್ಲ ನನಗೆ ನೋವಾಗುತ್ತದೆ. ಏಕೆಂದರೆ ಆ ಹುಣಿಸೆಯ ಮರ ದಾರಿಯ ಗುರುತೆಂಬುದಕ್ಕಿಂತ ಮಿಗಿಲಾಗಿ ಹೇಳುವವರ ಗುರುತು.

ಈ ಬಡಾವಣೆಯ ಮನೆಯೊಂದರಲ್ಲಿ ನಾನು ಬಲ್ಲ ವೃದ್ಧೆಯೊಬ್ಬರಿದ್ದಾರೆ. ಮರೆವಿನ ರೋಗ ಅವರನ್ನು ಹಿಡಿದು ಕೆಲವು ವರ್ಷಗಳಾದುವು. ಊಟವಾಯಿತೆ ಎಂದು ಕೇಳಿದರೆ, ಕೈ ತೊಳೆದ ನೀರು ಇನ್ನೂ ಆರಿರದಿದ್ದರೂ, ಅವರಿಗೆ ತಿಳಿಯದು. ಆದರೆ ಅವರು ಸುಮ್ಮನಾಗುವವರಲ್ಲ. ‘ಮನೆಯವರಿಗೆ ಬಡಿಸದೆ ನಾನು ಎಂದಾದರೂ ಉಂಡಿದ್ದೇನೆಯೆ?’ ಎಂದು ತಿರುಗಿ ಕೇಳುತ್ತಾರೆ. ಆ ಮಾತಿನಲ್ಲಿ ಇಂದಿನ ಮಧ್ಯಾಹ್ನದ ಸುಳಿವಿಲ್ಲ. ತಾನು ಎಂತಹವಳು ಎಂಬ ಜ್ಞಾನವಿದೆ, ಅದು ಸತ್ಯವಾದ ಜ್ಞಾನ. ನಡೆದುದರ ನೆನಪು ಬೇರೆ, ತನ್ನ ಸ್ವಭಾವದ ಅರಿವು ಬೇರೆ. ಮೊದಲನೆಯದು ಅಳಿದರೂ ಎರಡನೆಯದು ಉಳಿಯಬಲ್ಲುದು.

ಇದು ಪರೀಕ್ಷಿಸಿ ಕಂಡ ಸಂಗತಿ. ಕೆನಡಾದ ಕೆ. ಸಿ. ಎಂಬ ರೋಗಿ 1981ರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಮಿದುಳಿಗೆ ಪೆಟ್ಟುಬಿದ್ದು, ತನ್ನ ಬಾಳಿನ ಯಾವೊಂದು ಘಟನೆಯನ್ನೂ ನೆನೆಯಲಾರದವನಾದನು. ಅವನ ಸ್ವಭಾವವೂ ಬದಲಾಯಿತು. ಮನಶ್ಶಾಸ್ತ್ರಜ್ಞ ಎಂಡೆಲ್ ಟಲ್ವಿಂಗ್ ಗುಣಗಳ ಪಟ್ಟಿಯೊಂದನ್ನು ಅವನಿಗೆ ಕೊಟ್ಟು ಗುರುತು ಹಾಕಲು ಹೇಳಿ, ಅದೇ ಪಟ್ಟಿಯನ್ನು ಅವನ ತಾಯಿಗೂ ಕೊಟ್ಟನು. ಇಬ್ಬರೂ ಬಹುಮಟ್ಟಿಗೆ ಒಂದೇ ಮನುಷ್ಯನನ್ನು ವರ್ಣಿಸಿದ್ದರು, ಅದೂ ಅಪಘಾತದ ಅನಂತರದ ಮನುಷ್ಯನನ್ನು! ಒಂದೇ ಒಂದು ದಿನವನ್ನೂ ನೆನಪಿಡದೆ ಅವನು ತನ್ನ ಹೊಸ ಸ್ವಭಾವವನ್ನು ಕಲಿತುಕೊಂಡಿದ್ದನು. ಆಲ್ಜೈಮರ್ ರೋಗದಲ್ಲಿ ಮಾತ್ರ ಈ ಕಲಿಕೆಯೂ ನಿಲ್ಲುತ್ತದೆಂದು ಸ್ಟ್ಯಾನ್ಲಿ ಕ್ಲೈನ್ ಮತ್ತು ಸಂಗಡಿಗರು 2003ರಲ್ಲಿ ವರದಿ ಮಾಡಿದ ಕೆ. ಆರ್. ಎಂಬ ಮಹಿಳೆಯ ಉದಾಹರಣೆಯಿಂದ ತೋರುವುದು. ಆಕೆ ತನ್ನ ಗುಣಗಳನ್ನು ಹೇಳಿದುದು ಈಗಿನ ಆಕೆಗೆ ಹೊಂದುತ್ತಿರಲಿಲ್ಲ. ರೋಗ ಬರುವುದಕ್ಕೆ ಮುಂಚೆ ಮನೆಯವರು ಕಂಡಿದ್ದ ಆಕೆಗೆ ಹೊಂದುತ್ತಿತ್ತು. ಒಳಭಿತ್ತಿಯ ಆ ಪ್ರದೇಶಗಳಿವೆಯಲ್ಲ, ಬಿಡುವಿನಲ್ಲಿ ತನ್ನನ್ನು ಕುರಿತು ದುಡಿಯುವಂತಹವು, ಈ ರೋಗದ ವಿಷವಸ್ತು ಆರಂಭದಲ್ಲಿಯೇ ಸೇರತೊಡಗುವ ಎಡೆಗಳಲ್ಲಿ ಅವೂ ಮುಖ್ಯವಾದುವು. ಹೊಸದನ್ನು ಬರೆದುಕೊಳ್ಳುವ ಶಕ್ತಿ ಅಲ್ಲಿ ಕುಂದುತ್ತದೆ. ಹಿಂದೆ ಬರೆದಿಟ್ಟುದು ಬಹುಕಾಲ ನಿಲ್ಲುತ್ತದೆ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ, 45 ವರ್ಷ ದಾಟಿದ 10,000 ಮಂದಿಯನ್ನು ವರ್ಷಾನುವರ್ಷ ಅನುಸರಿಸಿ ನೋಡುವ ಗುರಿಯಿಟ್ಟುಕೊಂಡು, ಯಶವಂತಪುರಕ್ಕೆ ಹತ್ತಿರದಲ್ಲಿಯೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನ ಕೇಂದ್ರದವರು ದುಡಿಯುತ್ತಿದ್ದಾರೆ. ಹೊಲ, ಊರು, ನೆಂಟಸ್ತಿಕೆಗಳ ನಡುವೆ ಮುಪ್ಪಾಗುವ ಮಿದುಳುಗಳನ್ನು ಕುರಿತ ಇಂತಹ ದೊಡ್ಡ ಅಧ್ಯಯನ ನಮ್ಮ ಮಣ್ಣಿನಲ್ಲಿ ನಡೆಯುತ್ತಿರುವುದು ಸಂತೋಷದ ವಿಷಯ. ಮರೆವಿನ ರೋಗಿಗಳಿಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಂದು ಯಾವ ವಾರ, ಇದು ಯಾವ ಸ್ಥಳ, ಈಗ ಹೇಳಿದ ಮೂರು ಪದಗಳಾವುವು ಎಂಬಂತಹವು. ಅವು ಅವಶ್ಯಕವೆ. ಅವುಗಳ ಜೊತೆಗೆ ಟಲ್ವಿಂಗನ ಕ್ರಮವನ್ನೂ, ಎಂದರೆ ನೀವು ಎಂತಹವರು ಎಂದು ಹಿರಿಯರನ್ನೂ, ಇವರು ಎಂತಹವರು ಎಂದು ಮನೆಯವರನ್ನೂ ಕೇಳಿ ಎರಡನ್ನೂ ಎದುರುಬದುರಿಟ್ಟು ನೋಡುವುದನ್ನು, ಪ್ರತಿಯೊಂದು ಮನೆಯೂ ಯಂತ್ರದ ನೆರವಿಲ್ಲದೆ ಮಾಡಬಹುದು.

ನಾನು ಹೇಳಿದ ಮನೆಯಲ್ಲಿ ಅದು ಗೊತ್ತಿಲ್ಲದೆಯೇ ನಡೆಯಿತು. ಬಡಿಸಿದರೂ ಉಣ್ಣದೆ ತಟ್ಟೆ ತಳ್ಳುತ್ತಿದ್ದ ತಾಯಿಯೊಡನೆ ಬಹುದಿನ ಜಗಳವಾಡಿ ಸೋತ ಮಗಳು, ತಾಯಿಯ ಆ ಒಂದು ಮಾತನ್ನು ಹಿಡಿದು, ಅನ್ನದ ಪಾತ್ರೆಯನ್ನೂ ಹುಳಿಯ ಸೌಟನ್ನೂ ಅವರ ಕೈಗೇ ಒಪ್ಪಿಸಿದಳು. ಈಗ ಆ ಮನೆಯಲ್ಲಿ ವೃದ್ಧೆ ಮೊದಲು ಅಳಿಯನಿಗೆ, ಅನಂತರ ಮೊಮ್ಮಕ್ಕಳಿಗೆ, ಒಮ್ಮೊಮ್ಮೆ ಬಡಿಸಿದವರಿಗೇ ಇನ್ನೊಮ್ಮೆ ಬಡಿಸಿ, ಎಲ್ಲರದೂ ಆಯಿತೆಂದು ಮಗಳು ಹೇಳಿದ ಮೇಲೆ ತಮ್ಮ ತಟ್ಟೆಯ ಮುಂದೆ ಕುಳಿತು, ಯಾರೂ ಹೇಳದೆ ಉಣ್ಣುತ್ತಾರೆ.